ಪೇಪರ್ ಪಿತ್ತ ನೆತ್ತಿಗೇರಿದಾಗ

ಲಿವರ್ ತಜ್ಞರಿಗೆ ಸನ್ಮಾನ. ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿತ್ತ ಮೇಲೆ ನಿರೂಪಕಿ ಪರಿಚಯ ಓದುತ್ತಾರೆ: "ಮಾನ್ಯರು ಮುನ್ನೂರಕ್ಕೂ ಹೆಚ್ಚು ಸಂಶೋಧನಾ ಪ್ರಬಂಧಗಳನ್ನು ಪ್ರಕಟಿಸಿದ್ದಾರೆ." ಜೋರು ಚಪ್ಪಾಳೆ. ಆ ಮುನ್ನೂರರಲ್ಲಿ ಏನಿದೆ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಮಾನ್ಯರೇ ತಡವರಿಸಿಯಾರು, ಬರೆದವರು ಪಿ.ಜಿ. ಹುಡುಗರಲ್ಲವೇ, ಪಾಪ.

ಲಿವರಿಗೆ ಒಂದು ಗುಣವಿದೆ. ದಾನಿಯಿಂದ ಅರ್ಧಕ್ಕಿಂತ ಹೆಚ್ಚು ಕತ್ತರಿಸಿಕೊಂಡರೂ ಕೆಲವೇ ತಿಂಗಳಲ್ಲಿ ಹೆಚ್ಚೂಕಮ್ಮಿ ಮೊದಲಿನಷ್ಟೇ ಬೆಳೆದು ನಿಲ್ಲುತ್ತದೆ. ಈ ವಿದ್ಯೆಯನ್ನು ತಜ್ಞರು ತಮ್ಮ ದತ್ತಾಂಶಕ್ಕೂ ಕಲಿಸಿಬಿಟ್ಟಿದ್ದಾರೆ. ಅದೇ ರೋಗಿಗಳು, ಅದೇ ಕೇಸ್ ಶೀಟು. ಗಂಡಸರದ್ದು ಕತ್ತರಿಸಿದರೆ ಒಂದು ಪೇಪರ್, ಹೆಂಗಸರದ್ದು ಇನ್ನೊಂದು, ಶುಗರ್ ಇದ್ದವರದ್ದು ಮತ್ತೊಂದು. ಐದು ವರ್ಷದ ಫಾಲೋ-ಅಪ್ ಅಂತೂ ಇದ್ದೇ ಇದೆ. ಇನ್ನೇನೂ ಉಳಿಯಲಿಲ್ಲವೋ, ಸಂಪಾದಕರಿಗೊಂದು ಪತ್ರ: ಹತ್ತು ಸಾಲು, ಐದು ಸಹಿ. ವೈದ್ಯಕೀಯ ಪ್ರಬಂಧಗಳ ಪಟ್ಟಿ ಇಡುವ ಪಬ್‌ಮೆಡ್‌ನ ಲೆಕ್ಕದಲ್ಲಿ ಅದೂ ಒಂದು.

ಹಾಗಂತ ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಬೊಗಳೆ ಎನ್ನುವಂತೆಯೂ ಇಲ್ಲ. ಲಿವರ್ ಕಸಿಗೆ ದಾರಿ ತೆಗೆದ ಅಮೆರಿಕದ ಥಾಮಸ್ ಸ್ಟಾರ್ಜಲ್ ಎರಡು ಸಾವಿರಕ್ಕೂ ಮಿಕ್ಕಿ ಪ್ರಬಂಧ ಬರೆದವರು; ಒಂದು ಕಾಲಕ್ಕೆ ಸುಮಾರು ವಾರಕ್ಕೊಂದು. ಆದರೆ ಅವರ 1963ರ ಪೇಪರ್ ನೋಡಿ. ಆ ವರ್ಷದ ಮಾರ್ಚ್‌ನಲ್ಲಿ ಡೆನ್ವರ್‌ನಲ್ಲಿ ಮೂರು ವರ್ಷದ ಮಗುವಿಗೆ ಮೊದಲ ಕಸಿ ಮಾಡಿದರು. ರಕ್ತ ನಿಲ್ಲಲಿಲ್ಲ, ಮಗು ಆಪರೇಷನ್ ಟೇಬಲ್ ಮೇಲೇ ಹೋಯಿತು. ಮುಂದಿನ ಇಬ್ಬರೂ ತಿಂಗಳು ಕಾಣಲಿಲ್ಲ. ವರ್ಷ ಮುಗಿಯುವುದರೊಳಗೆ ಸ್ಟಾರ್ಜಲ್ ಮೂರೂ ಸಾವುಗಳನ್ನು ಬರೆದು ಅಚ್ಚು ಹಾಕಿಸಿದರು. ರೋಗಿಗಳು ಮೂವರು, ಉಳಿದವರು ಸೊನ್ನೆ. ಇಂಥದ್ದನ್ನು ಹಿಡಿದು ಇವತ್ತು ಬಡ್ತಿ ಸಂದರ್ಶನಕ್ಕೆ ಹೋಗಿ ನೋಡೋಣ. "ಸ್ಯಾಂಪಲ್ ಸಾಲದಲ್ರೀ, ಪಿ ವ್ಯಾಲ್ಯೂ ಎಲ್ಲಿ?" ಎಂದು ಕೇಳಿ, ಕಾಫಿ ಕೊಟ್ಟು ಕಳಿಸುತ್ತಾರೆ. ಸ್ಟಾರ್ಜಲ್‌ಗೆ ಕಸಿ ಕೈಹಿಡಿದದ್ದು 1967ರಲ್ಲಿ.

ನಮ್ಮ ದಾಖಲೆಯೇ ಬೇರೆ. ದೆಹಲಿಯ ಹಿರಿಯ ಶಸ್ತ್ರವೈದ್ಯ ಸಮೀರನ್ ನಂದಿ, ಸ್ವತಃ ಲಿವರಿಗೆ ಕತ್ತರಿ ಹಾಕಿದವರು, ಸಂಗಡಿಗರೊಂದಿಗೆ 2005ರಿಂದ 2014ರವರೆಗಿನ ಲೆಕ್ಕ ತೆಗೆದರು. ದೇಶದ 579 ವೈದ್ಯಕೀಯ ಸಂಸ್ಥೆಗಳಲ್ಲಿ 332 ಸಂಸ್ಥೆಗಳು ಹತ್ತು ವರ್ಷದಲ್ಲಿ ಒಂದೇ ಒಂದು ಪೇಪರ್ ಹೆತ್ತಿರಲಿಲ್ಲ. ಖಾಸಗಿ ಕಾಲೇಜುಗಳಿಗೆ ಹೆಸರಾದ ಕರ್ನಾಟಕ, ಕೇರಳಗಳಲ್ಲಂತೂ ಶೇ. 90ಕ್ಕೂ ಹೆಚ್ಚು ಕಾಲೇಜುಗಳದ್ದು ಶೂನ್ಯ ಸಂಪಾದನೆ. ಸಂಪಾದನೆ ಎಂದರೆ ಪೇಪರಿನ ಮಟ್ಟಿಗೆ ಮಾತ್ರ ಹೇಳಿದೆ, ಸೀಟಿನ ಮಾತಲ್ಲ.

ಸರ್ಕಾರ ಬಿಟ್ಟೀತೇ? ಪೇಪರ್ ಇಲ್ಲದಿದ್ದರೆ ಬಡ್ತಿ ಇಲ್ಲ ಎಂದಿತು. 2015ರಲ್ಲಿ ಅಂದಿನ ಭಾರತೀಯ ವೈದ್ಯಕೀಯ ಮಂಡಳಿ ಮೊದಲ ಇಬ್ಬರು ಲೇಖಕರಿಗಷ್ಟೇ ಲೆಕ್ಕ ಎಂದು ಸುತ್ತೋಲೆ ಹೊರಡಿಸಿತು. ಆ ನಿಯಮ ಇದ್ದಷ್ಟು ಕಾಲ ಮೂರನೇ ಲೇಖಕನಷ್ಟು ನತದೃಷ್ಟ ಪ್ರಾಣಿ ಆಸ್ಪತ್ರೆಯಲ್ಲಿ ಮತ್ತೊಂದಿರಲಿಲ್ಲ. ದುಡ್ಡು ಕಟ್ಟಿದರೆ ಅಚ್ಚು ಹಾಕುವ 'ಇಂಟರ್‌ನ್ಯಾಷನಲ್' ಜರ್ನಲ್ಲುಗಳಿಗೆ ಮಾತ್ರ ಸುಗ್ಗಿ.

ಇಷ್ಟರವರೆಗೆ ನಗಬಹುದು. ಚೀನಾದ ಗಡಿ ಬಂದೊಡನೆ ನಗು ಒಣಗುತ್ತದೆ. ಅಲ್ಲಿಂದ ಬಂದ, ಐನೂರಕ್ಕೂ ಹೆಚ್ಚು ಲಿವರ್ ಕಸಿಗಳ ಪೇಪರೊಂದನ್ನು 'ಲಿವರ್ ಇಂಟರ್‌ನ್ಯಾಷನಲ್' ಪತ್ರಿಕೆ 2017ರಲ್ಲಿ ಹಿಂತೆಗೆದುಕೊಂಡಿತು. ಲಿವರುಗಳು ಮರಣದಂಡನೆಗೊಳಗಾದ ಕೈದಿಗಳದ್ದಲ್ಲ ಎಂಬುದಕ್ಕೆ ತಕ್ಕ ಪುರಾವೆ ಸಿಗಲಿಲ್ಲ. 2019ರಲ್ಲಿ ಸಿಡ್ನಿಯ ಮೆಕ್ವಾರಿ ವಿಶ್ವವಿದ್ಯಾಲಯದ ವೆಂಡಿ ರೋಜರ್ಸ್ ತಂಡ ಲಿವರ್, ಹೃದಯ, ಶ್ವಾಸಕೋಶ ಕಸಿಯ 445 ಚೀನೀ ಪೇಪರುಗಳನ್ನು ಜಾಲಾಡಿತು. 85,477 ಕಸಿಗಳು. 412 ಪೇಪರುಗಳು ಅಂಗ ಕೈದಿಯದ್ದೋ ಅಲ್ಲವೋ ಎಂಬ ಬಗ್ಗೆ ತುಟಿ ಬಿಚ್ಚಿರಲಿಲ್ಲ. ಅಲ್ಲ ಎಂದವು 33. ಅವುಗಳಲ್ಲೂ 19ರ ಕಸಿಗಳು 2010ಕ್ಕೆ ಮೊದಲು ನಡೆದವು, ಸ್ವಯಂಪ್ರೇರಿತ ದಾನದ ವ್ಯವಸ್ಥೆಯೇ ಅಲ್ಲಿ ಹುಟ್ಟದ ಕಾಲದವು. ಕೊಟ್ಟವರ ಒಪ್ಪಿಗೆಯ ಸುಳಿವು 439ರಲ್ಲಿ ಇಲ್ಲ. ಸ್ವಾರಸ್ಯ ನೋಡಿ, 324ಕ್ಕೆ ಎಥಿಕ್ಸ್ ಕಮಿಟಿಯ ಮಂಜೂರಾತಿ ಮಾತ್ರ ಇತ್ತು! ಕಸಿ ಪಡೆದವರು ಎಷ್ಟು ದಿನ ಬಾಳಿದರು ಎಂದು ತಲೆಕೆಡಿಸಿಕೊಂಡ ಪರಿಶೀಲಕ ಮಹಾಶಯರಿಗೆ, ಕೊಟ್ಟವನು ಸತ್ತದ್ದು ಹೇಗೆ ಎಂದು ಕೇಳಲು ಪುರಸೊತ್ತಾಗಿರಲಿಲ್ಲ.

ಅಷ್ಟನ್ನೂ ಹಿಂತೆಗೆಯಿರಿ ಎಂದು ರೋಜರ್ಸ್ ಗಂಟಲು ಹರಿದುಕೊಂಡರು. ಹಿಂತೆಗೆದದ್ದು ಕೆಲವನ್ನಷ್ಟೆ. ಉಳಿದವು ಅವರವರ ಬಯೋಡೇಟಾದಲ್ಲಿ ಕ್ರಮಸಂಖ್ಯೆ ಸಮೇತ ಕೂತಿವೆ.