ಪುರಾತನ ನಗರ, 2014ರ ಮಾಡೆಲ್

ಯೂರೋಪ್ ಪ್ರವಾಸದ ದೊಡ್ಡ ಗೋಳು ಹಳೆಯ ಕಟ್ಟಡಗಳದ್ದು. ರೋಮ್, ಅಥೆನ್ಸ್ ಎಲ್ಲಿಗೇ ಹೋಗಿ, ಅರ್ಧ ಬಿದ್ದಿರುತ್ತವೆ. ಕೈತುಂಬ ಕಾಸು ಕೊಟ್ಟು ಟಿಕೆಟ್ ಕೊಂಡವನಿಗೆ ಗೈಡು ‘ಇಲ್ಲೊಂದು ಛಾವಣಿ ಇತ್ತು ಅಂದುಕೊಳ್ಳಿ’ ಎನ್ನುತ್ತಾನೆ. ಈ ಅಂದುಕೊಳ್ಳುವ ಕಷ್ಟ ಬೇಡ ಎನ್ನುವವರು ಉತ್ತರ ಮ್ಯಾಸಿಡೋನಿಯಾದ ರಾಜಧಾನಿ ಸ್ಕೋಪ್ಯೆಗೆ ಹೋಗಬೇಕು. ಅಲ್ಲಿ ನಗರಮಧ್ಯದ ಗ್ರೀಕ್ ಕಂಬಗಳು, ರೋಮನ್ ಕಮಾನು, ಬರೋಕ್ ಅರಮನೆಗಳು ಹೆಚ್ಚುಕಡಿಮೆ ಎಲ್ಲವೂ 2010ರ ಈಚೆಗೆ ಹುಟ್ಟಿದವು. ಒಂದು ಕಂಬವೂ ಮುರಿದಿಲ್ಲ. ಮುರಿಯುವುದಕ್ಕೆ ಇನ್ನೂ ಪುರುಸೊತ್ತಾಗಿಲ್ಲ.

ಇದರ ಹಿಂದೊಂದು ನೊಂದ ಕತೆಯಿದೆ. 1991ರಲ್ಲಿ ಯುಗೊಸ್ಲಾವಿಯಾದಿಂದ ಹೊರಬಂದ ಈ ದೇಶ ತನ್ನನ್ನು ಮ್ಯಾಸಿಡೋನಿಯಾ ಎಂದು ಕರೆದುಕೊಂಡಿತು. ಆ ಹೆಸರು ನಮ್ಮದು, ಅಲೆಕ್ಸಾಂಡರನೂ ನಮ್ಮವನು ಎಂದು ಪಕ್ಕದ ಗ್ರೀಸ್ ತಕರಾರು ತೆಗೆಯಿತು. 1993ರಲ್ಲಿ ವಿಶ್ವಸಂಸ್ಥೆ ‘ಹಿಂದಿನ ಯುಗೊಸ್ಲಾವ್ ಗಣರಾಜ್ಯ ಮ್ಯಾಸಿಡೋನಿಯಾ’ ಎಂಬ ಮಾರುದ್ದದ ಹೆಸರಿಟ್ಟು, ಎಂ ಅಕ್ಷರದ ಸಾಲಿನಲ್ಲಿ ಜಾಗ ಕೊಡದೆ ಥಾಯ್ಲೆಂಡಿನ ಪಕ್ಕ ಕೂರಿಸಿತು. 2008ರಲ್ಲಿ ನ್ಯಾಟೋ ಬಾಗಿಲು ಇನ್ನೇನು ತೆರೆಯಿತು ಎನ್ನುವಾಗ ಗ್ರೀಸ್ ಅಡ್ಡಗಾಲು ಹಾಕಿತು. ಇಷ್ಟು ಅವಮಾನವಾದ ಮೇಲೆ ಬೇರೆಯವರಾದರೆ ಆಸ್ಪತ್ರೆ ಕಟ್ಟುತ್ತಿದ್ದರೋ ಏನೋ. ಆಗಿನ ಪ್ರಧಾನಿ ನಿಕೋಲಾ ಗ್ರುಯೆವ್ಸ್ಕಿ ಪ್ರತಿಮೆ ಕಟ್ಟಿಸಿದರು. (ಈ ಕಾಯಿಲೆ ನಮಗೆ ಹೊಸದಲ್ಲ, ಆದ್ದರಿಂದ ಜೋರಾಗಿ ನಗುವುದು ಬೇಡ.)

ಯೋಜನೆಯ ಹೆಸರು ‘ಸ್ಕೋಪ್ಯೆ 2014’. 2010ರಲ್ಲಿ ಅದರ ವಿಡಿಯೊ ಹೊರಬಂದಾಗ ಹೇಳಿದ ಖರ್ಚು ಸುಮಾರು ಎಂಟು ಕೋಟಿ ಯೂರೋ. ಪತ್ರಕರ್ತರು ಆಮೇಲೆ ಕೂತು ಕೂಡಿದಾಗ ಅದು 60 ಕೋಟಿ ದಾಟಿತ್ತು. ದೇಶದ ಒಟ್ಟು ಜನಸಂಖ್ಯೆ ಆಗ ಸುಮಾರು 20 ಲಕ್ಷ. ಪ್ರತಿಮೆಗಳ ತಲೆಗಳನ್ನೂ ಎಣಿಕೆಗೆ ಸೇರಿಸಿಕೊಂಡಿದ್ದರೆ ತಲಾ ಸಾಲ ಸ್ವಲ್ಪ ಇಳಿಯುತ್ತಿತ್ತು.

ಮುಖ್ಯ ಚೌಕದ ನಡುವೆ ಅಲೆಕ್ಸಾಂಡರ್ ಇದ್ದಾನೆ. ಛೇ, ಇಲ್ಲ. ಅಲ್ಲಿರುವುದು ‘ಕುದುರೆಯ ಮೇಲಿನ ಯೋಧ’. ಗ್ರೀಸ್ ಸಿಟ್ಟಾಗದಿರಲಿ ಎಂದು 2011ರಲ್ಲಿ ಕಾಗದದ ಮೇಲೆ ಇಟ್ಟ ಹೆಸರು ಅದು. ಕುದುರೆ ಮುಂಗಾಲೆತ್ತಿದೆ, ಯೋಧ ಕತ್ತಿ ಎತ್ತಿದ್ದಾನೆ, ಬುಡದಲ್ಲಿ ಸೈನಿಕರು, ಅವರ ಕೆಳಗೆ ಸಿಂಹಗಳು, ಸುತ್ತ ಕಾರಂಜಿ. ಪೀಠವೂ ಸೇರಿ 20 ಮೀಟರಿಗೂ ಎತ್ತರ. ರಾತ್ರಿ ಬಣ್ಣದ ದೀಪ, ಜೊತೆಗೆ ಸಂಗೀತ. ಕಲ್ಲು ಸೇತುವೆ ದಾಟಿದರೆ ಅಪ್ಪ ಫಿಲಿಪ್ ಮುಷ್ಟಿ ಎತ್ತಿ ನಿಂತಿದ್ದಾನೆ. ಮಗನಿಗೆ ಶಹಬ್ಬಾಸ್ ಎನ್ನುತ್ತಿದ್ದಾನೋ, ಬಿಲ್ ನೋಡಿ ಗುದ್ದಲು ಬರುತ್ತಿದ್ದಾನೋ ಹೇಳುವುದು ಕಷ್ಟ. ಅಸಲಿ ಅಲೆಕ್ಸಾಂಡರ್ ಹುಟ್ಟಿದ ಪೆಲ್ಲಾ ಇರುವುದು ಈಗಿನ ಗ್ರೀಸಿನಲ್ಲಿ. ನಮ್ಮ ಬಿಯಾಸ್ ನದಿ ದಂಡೆಯಲ್ಲಿ ಸೈನಿಕರು ‘ಸಾಕಪ್ಪಾ ಸಾಕು’ ಎಂದಾಗ ಆ ಮಹಾಶಯ ಹಿಂದಿರುಗಿದ್ದ. ಸ್ಕೋಪ್ಯೆಯ ಗುತ್ತಿಗೆದಾರರ ಬಾಯಲ್ಲಿ ಸಾಕು ಎಂಬ ಮಾತು ಬರಲೇ ಇಲ್ಲ.

ಕಂಬಗಳ ಹತ್ತಿರ ಹೋಗಿ ನೋಡಬೇಕು, ಹಿಂದೆ ಬೇರೆಯೇ ಊರು ಅಡಗಿದೆ. 1963ರ ಜುಲೈ 26ರ ಬೆಳಗಿನ ಜಾವ ಭೂಕಂಪವಾಗಿ ಸಾವಿರಕ್ಕೂ ಹೆಚ್ಚು ಜನ ಸತ್ತರು, ಊರಿನ ಬಹುಪಾಲು ನೆಲಕಚ್ಚಿತು. ಆಗ ಜಗತ್ತೇ ಕೈಹಾಕಿ ಮತ್ತೆ ಕಟ್ಟಿತು. ನಗರಮಧ್ಯದ ನಕ್ಷೆ ಬರೆದವರು ಜಪಾನಿನ ಕೆಂಜೊ ತಾಂಗೆ. ಆ ಕಾಲದ ಬೋಳು ಕಾಂಕ್ರೀಟ್ ಕಟ್ಟಡಗಳು ಹೊಸ ದೊರೆಗಳ ಕಣ್ಣಿಗೆ ಬಡತನದಂತೆ ಕಂಡವು. ಕೆಡವಿದರೆ ಖರ್ಚು ಎಂದು ಮೇಲೆ ಮುಖವಾಡ ಹಚ್ಚಿದರು. ಒಳಗೆ ಥರ್ಮೋಕೋಲ್, ಹೊರಗೆ ಪ್ಲಾಸ್ಟರ್, ಅದರ ಮೇಲೆ ಬಿಳಿ ಬಣ್ಣ. ಸಂಜೆ ಬಿಚ್ಚಿ ಲಾರಿಗೆ ಹೇರುವ ಕಲ್ಯಾಣ ಮಂಟಪದ ಅಲಂಕಾರದ ಹಾಗೆ. ಇಲ್ಲಿ ಬಿಚ್ಚುವವರು ಮಾತ್ರ ಬಂದಿಲ್ಲ. ಸರ್ಕಾರ ತನ್ನ ಸ್ವಂತ ಕಚೇರಿಗೂ ಹೀಗೇ ಕಂಬ ಅಂಟಿಸಿಕೊಂಡಿತು.

ಸಮುದ್ರವಿಲ್ಲದ ದೇಶ ಎಂಬ ಕೊರಗೂ ಉಳಿಯಬಾರದಲ್ಲ? ಮೊಣಕಾಲುದ್ದ ನೀರಿನ ವಾರ್ದಾರ್ ನದಿಯಲ್ಲಿ ಕಾಂಕ್ರೀಟ್ ಅಡಿಪಾಯ ಹಾಕಿ ಹಾಯಿಹಡಗುಗಳನ್ನು ಕಟ್ಟಿ ನಿಲ್ಲಿಸಿದರು. ಹೋಟೆಲು ನಡೆಸಲು. ಮುಳುಗುವ ಭಯವೇ ಇಲ್ಲದ ಹಡಗು ಬೇರೆಲ್ಲಿ ಸಿಗುತ್ತದೆ? ಬೀದಿಗೆ ಲಂಡನ್ ಕಳೆ ಬರಲೆಂದು ಚೀನಾದಿಂದ ಕೆಂಪು ಡಬಲ್ ಡೆಕ್ಕರ್ ಬಸ್ಸುಗಳನ್ನು ತರಿಸಿದರು. ಚಳಿಗಾಲದಲ್ಲಿ ಯೂರೋಪಿನ ಅತಿ ಕೊಳಕು ಗಾಳಿಯ ಊರುಗಳಲ್ಲಿ ಸ್ಕೋಪ್ಯೆಯೂ ಒಂದು. ಆ ಹೊಗೆಯಲ್ಲಿ ಪ್ರತಿಮೆಗಳು ಮಬ್ಬಾಗಿ ಕಾಣುತ್ತವೆ, ಪುರಾತನ ಎನಿಸಲು ಅದೂ ಅನುಕೂಲವೇ.

ಜನ ಸುಮ್ಮನಿರಲಿಲ್ಲ. 2009ರಲ್ಲೇ, ಚೌಕದಲ್ಲಿ ಚರ್ಚ್ ಕಟ್ಟುವುದು ಬೇಡ ಎಂದ ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಎದುರು ಗುಂಪಿನಿಂದ ಒದೆ ತಿಂದರು. 2016ರಲ್ಲಿ ಫೋನ್ ಕದ್ದಾಲಿಕೆ ಹಗರಣದ ಆರೋಪಿ ರಾಜಕಾರಣಿಗಳಿಗೆ ಅಧ್ಯಕ್ಷರು ಕ್ಷಮಾದಾನ ಕೊಟ್ಟಾಗ ಊರಿಗೆ ಊರೇ ಬೀದಿಗಿಳಿಯಿತು. ಕಟ್ಟಡಗಳ ಮೇಲೆ ಬಣ್ಣ ಎಸೆದರು. ಬಿಳಿ ಕಮಾನಿನ ಮೇಲೆ ಹಸಿರು, ಕೆಂಪು, ನೇರಳೆ ಇಳಿದವು. ಇಡೀ ಯೋಜನೆಯಲ್ಲಿ ಬೊಕ್ಕಸಕ್ಕೆ ಹೊರೆಯಾಗದ ಅಲಂಕಾರ ಅದೊಂದೇ.

ಗ್ರುಯೆವ್ಸ್ಕಿಗೆ ಐಷಾರಾಮಿ ಮರ್ಸಿಡಿಸ್ ಖರೀದಿ ಪ್ರಕರಣದಲ್ಲಿ ಎರಡು ವರ್ಷ ಜೈಲಾಯಿತು. 2018ರ ನವೆಂಬರಿನಲ್ಲಿ, ಜೈಲಿಗೆ ಹೋಗಬೇಕಾದ ಹೊತ್ತಿಗೆ ಗಡಿ ದಾಟಿ ಹಂಗೇರಿ ಸೇರಿಕೊಂಡು ಆಶ್ರಯ ಪಡೆದರು. ಊರಿಗೆಲ್ಲ ಕುದುರೆ ಏರಿದ ವೀರರನ್ನು ಹಂಚಿದ ಮನುಷ್ಯ ಹೋದದ್ದು ಕಾರಿನಲ್ಲಿ; ತಂಗಿದ್ದು ಹಳೆಯ ಕಟ್ಟಡಗಳು ನಿಜವಾಗಿಯೂ ಹಳೆಯವಾಗಿರುವ ಬುಡಾಪೆಸ್ಟಿನಲ್ಲಿ.

ಅಸಲಿ ಸರಕೂ ಸ್ಕೋಪ್ಯೆಯಲ್ಲಿ ಇದೆ, ಯಾರೂ ದೀಪ ಹಾಕಿಲ್ಲ ಅಷ್ಟೆ. ನದಿಯಾಚೆ ಒಟ್ಟೋಮನ್ ಕಾಲದ ಹಳೆ ಪೇಟೆಯಿದೆ. ಹಳೆ ರೈಲು ನಿಲ್ದಾಣದ ಗಡಿಯಾರ ಭೂಕಂಪದ ಗಳಿಗೆಗೆ, 5:17ಕ್ಕೆ, ನಿಂತೇ ಇದೆ. ಆಗ ನೆರವಾಗಿ ಬಂದ ಕಲಾಕೃತಿಗಳಿಗೆಂದು ಪೋಲೆಂಡ್ ಉಡುಗೊರೆ ಕೊಟ್ಟ ಮ್ಯೂಸಿಯಮ್ಮಿನಲ್ಲಿ ಪಿಕಾಸೊ ಸ್ವತಃ ದಾನ ಮಾಡಿದ ಚಿತ್ರವಿದೆ. 1910ರಲ್ಲಿ ಈ ಊರಲ್ಲಿ ಹುಟ್ಟಿ ಕೋಲ್ಕತ್ತಕ್ಕೆ ಬಂದ ಮದರ್ ತೆರೇಸಾಗೆ ಸ್ಮಾರಕ ಭವನವಿದೆ. ಆಕೆ ಒಳ್ಳೆ ಹೊತ್ತಿನಲ್ಲೇ ಊರು ಬಿಟ್ಟರು.

ಕೊನೆಗೆ 2018ರ ಪ್ರೆಸ್ಪಾ ಒಪ್ಪಂದದ ಪ್ರಕಾರ ದೇಶ ‘ಉತ್ತರ’ ಎಂದು ಸೇರಿಸಿಕೊಂಡಿತು, 2020ರಲ್ಲಿ ನ್ಯಾಟೋ ಒಳಗೂ ಬಂತು. ಗ್ರೀಸನ್ನು ಕೆಣಕಲೆಂದೇ ಎಬ್ಬಿಸಿದ ಪ್ರತಿಮೆಗಳಿಗೆ, ಇವರು ಪ್ರಾಚೀನ ಗ್ರೀಕ್ ಇತಿಹಾಸಕ್ಕೆ ಸೇರಿದವರು ಎಂದು ಒಪ್ಪಿಕೊಳ್ಳುವ ಫಲಕ ಜಡಿದರು. ಅದು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಪಕ್ಕದ ಬಲ್ಗೇರಿಯಾ, ನಿಮ್ಮ ಇತಿಹಾಸ, ಭಾಷೆ ಎರಡೂ ನಮ್ಮದೇ ಎಂದು 2020ರಲ್ಲಿ ಯೂರೋಪಿಯನ್ ಒಕ್ಕೂಟದ ಬಾಗಿಲಿಗೆ ಅಡ್ಡ ಕೂತಿತು. ಅಲೆಕ್ಸಾಂಡರನ ಆ ಚೌಕದಲ್ಲೇ ಮಧ್ಯಯುಗದ ಸಾಮುಯಿಲ್ ದೊರೆ ಸಿಂಹಾಸನದ ಮೇಲೆ ಗಂಭೀರವಾಗಿ ಕುಳಿತಿದ್ದಾನೆ. ಬಲ್ಗೇರಿಯಾದವರು ಅವನು ನಮ್ಮ ದೊರೆ ಎನ್ನುತ್ತಾರೆ. ಹೋಗುವುದಾದರೆ ಬೇಗ ಹೋಗಿ ಫೋಟೊ ತೆಗೆಸಿಕೊಳ್ಳಿ, ಪೀಠದಲ್ಲಿ ಇನ್ನೊಂದು ಫಲಕಕ್ಕೆ ಧಾರಾಳ ಜಾಗವಿದೆ.