ದ್ವಿಚಕ್ರೋತ್ಸವ ಮೀಮಾಂಸೆ

ಮೇ ತಿಂಗಳ ಕೊನೆಯ ಸೋಮವಾರ ಬರುವ ಮೆಮೋರಿಯಲ್ ಡೇಯಿಂದ ಸೆಪ್ಟೆಂಬರಿನ ಮೊದಲ ಸೋಮವಾರದ ಲೇಬರ್ ಡೇವರೆಗೆ ಅಮೆರಿಕದ ಹೆದ್ದಾರಿಗಳಲ್ಲಿ ಒಂದು ಮೆರವಣಿಗೆ ಕಾಣಸಿಗುತ್ತದೆ. ಮುಂದೆ ಪಿಕಪ್ ಟ್ರಕ್ಕು, ಅದರ ಬೆನ್ನಿಗೆ ಒಲೆ, ಹಾಸಿಗೆ, ಕಕ್ಕಸು ಸಮೇತವಾದ ಕ್ಯಾಂಪರ್ ಟ್ರೇಲರು, ಇವೆರಡರಲ್ಲಿ ಎಲ್ಲೋ ಒಂದೆಡೆ ನೇತುಬಿದ್ದು ಗಾಳಿಗೆ ಚಕ್ರ ತಿರುಗಿಸುತ್ತ ಸಾಗುವ ಎರಡು ಸೈಕಲ್ಲು. ಲೌಕಿಕರು ಇದಕ್ಕೆ ಕೊಡುವ ವ್ಯಾಖ್ಯಾನ ಸರಳ: ಟ್ರಕ್ಕು ಪ್ರಧಾನ, ಟ್ರೇಲರು ಅದರ ಅಂಗ, ಸೈಕಲ್ಲು ಬರೀ ಲಗೇಜು. ಇದು ಪೂರ್ವಪಕ್ಷ. ಆದರೆ ತೇರು ಎತ್ತರವಾಗಿದೆಯೆಂದು ತೇರನ್ನೇ ದೇವರೆಂದವರುಂಟೆ? ನಮ್ಮ ಸಿದ್ಧಾಂತದ ಪ್ರಕಾರ ಸೈಕಲ್ಲೇ ಉತ್ಸವಮೂರ್ತಿ, ಟ್ರೇಲರು ರಥ, ಟ್ರಕ್ಕು ಮಿಣಿ ಹಿಡಿದ ಭಕ್ತ. ಸ್ಟೀರಿಂಗ್ ಹಿಡಿದ ಮಹನೀಯರು ಚಕ್ರಕ್ಕೆ ಮರದ ತುಂಡು ಕೊಟ್ಟು ತೇರು ತಿರುಗಿಸುವ ಪರಿಚಾರಕರಷ್ಟೆ.

ಮೊದಲ ಪ್ರಮಾಣ ಆಸನದ್ದು. 1977ರಿಂದ ಆ ದೇಶದಲ್ಲಿ ಅತಿ ಹೆಚ್ಚು ಮಾರಾಟವಾಗುವ ಪಿಕಪ್ ಎಂಬ ಪಟ್ಟ ಉಳಿಸಿಕೊಂಡ ಫೋರ್ಡ್ ಎಫ್ ಸರಣಿಯ ಟ್ರಕ್ಕುಗಳು ಟನ್ನುಗಟ್ಟಲೆ ಎಳೆಯುತ್ತವೆ. ಫ್ರಿಜ್ಜು ಎಲ್ಲಿರಬೇಕೆಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹದಿನೈದು ಕಿಲೊ ಸೈಕಲ್ಲು ಎಲ್ಲಿರಬೇಕೆಂಬುದಕ್ಕೆ ಮಾತ್ರ ಮನೆಮಂದಿಯೆಲ್ಲ ಅಂಗಳದಲ್ಲಿ ನಿಂತು ಟೇಪು ಹಿಡಿಯುತ್ತಾರೆ. ಟ್ರಕ್ಕಿನ ತೊಟ್ಟಿಯಲ್ಲಿ ಇಡೋಣವೆಂದರೆ ಸೌದೆ, ಜನರೇಟರು, ಐಸ್ ಪೆಟ್ಟಿಗೆ ಆಗಲೇ ಕೂತಿವೆ. ಫಿಫ್ತ್‌ವೀಲ್ ಜಾತಿಯ ಟ್ರೇಲರಾದರೆ ಕೊಂಡಿಯೇ ತೊಟ್ಟಿಯ ನಡುವೆ ಬೀಡುಬಿಟ್ಟಿರುತ್ತದೆ. ಹಿಂಬಾಗಿಲ ಮೇಲೆ ಮೆತ್ತೆ ಹಾಸಿ ಮುಂದಿನ ಚಕ್ರ ಹೊರಗೆ ಇಳಿಬಿಟ್ಟರೆ, ರಿವರ್ಸ್ ತೆಗೆಯುತ್ತ ಟ್ರಕ್ಕು ಕೊಂಚ ಹೆಚ್ಚು ಮುರಿದಾಗ ಟ್ರೇಲರಿನ ಮೂಲೆ ಬಂದು ಚಕ್ರಕ್ಕೆ ಮುತ್ತಿಡುತ್ತದೆ. ಮೂತಿಯ ಮುಂದೆ ಕಟ್ಟಿದರೆ ರೇಡಿಯೇಟರಿನ ಗಾಳಿಗೂ ಹೆಡ್‌ಲೈಟಿನ ಬೆಳಕಿಗೂ ಅಡ್ಡ. ನೆತ್ತಿಯ ಮೇಲೆ ನಿಲ್ಲಿಸಿದರೆ ತಗ್ಗು ಸೇತುವೆ, ಮರದ ಕೊಂಬೆ ಎರಡೂ ಲೆಕ್ಕಕ್ಕೆ ಬರುತ್ತವೆ. ಇನ್ನು ಟ್ರೇಲರಿನ ಹಿಂದಿನ ಬಂಪರು. ನಾಲ್ಕು ಇಂಚಿನ ಆ ಟೊಳ್ಳು ಚೌಕ ಕೊಳವೆಯ ನಿತ್ಯಕರ್ಮ ಕಕ್ಕಸಿನ ಹೋಸ್ ಪೈಪನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು. ಮಡಿಯ ಪ್ರಶ್ನೆ ಬಿಟ್ಟರೂ ಅದರ ಬೆಸುಗೆ ತೆಳು. ಗುಂಡಿ ಸಿಕ್ಕಾಗಲೆಲ್ಲ ಟ್ರೇಲರಿನ ಬಾಲ ಚಾಟಿಯಂತೆ ಕುಣಿದು ಮೂರ್ತಿಯನ್ನು ಪೀಠದ ಸಮೇತ ರಸ್ತೆಗಿಳಿಸಬಹುದು. ಒಳಗಿನ ಹಾಸಿಗೆಯ ಮೇಲೆಯೇ ಕಂಬಳಿ ಹಾಸಿ ಸೈಕಲ್ಲನ್ನು ಮಲಗಿಸುವವರೂ ಇದ್ದಾರೆ. ಯಜಮಾನರು ಮಲಗುವ ಜಾಗದಲ್ಲಿ ಹಗಲೆಲ್ಲ ಮಲಗುವುದು ಲಗೇಜಿನ ಲಕ್ಷಣವೇ?

ಎರಡನೆಯ ಪ್ರಮಾಣ ಗಣಿತದ್ದು. ಗಾಡಿ ಹೊಡೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಎತ್ತಿನ ಕೊರಳಹಗ್ಗ ಬಿಗಿಯುತ್ತದೆ. ಟ್ರೇಲರಿನ ಮೂಕಿ ಟ್ರಕ್ಕಿನ ಕೊಂಡಿಯ ಮೇಲೆ ತನ್ನ ಒಟ್ಟು ತೂಕದ ಶೇಕಡ 10ರಿಂದ 15ರಷ್ಟನ್ನು ಹೇರಬೇಕೆಂಬುದು ಅಲ್ಲಿಯ ವಿಧಿ. 2,500 ಕಿಲೊ ಟ್ರೇಲರು 300 ಕಿಲೊ, ಅಂದರೆ ಶೇಕಡ 12, ಹೇರಿಕೊಂಡು ಸಮಾಧಾನವಾಗಿದೆ ಎನ್ನಿ. ಕೊಂಡಿಯಿಂದ ಅಚ್ಚಿಗೆ ನಾಲ್ಕೂವರೆ ಮೀಟರು, ಹಿಂದಿನ ಸೈಕಲ್ ಸ್ಟ್ಯಾಂಡಿಗೆ ಎಂಟು. ಅಲ್ಲಿ ಎರಡು ಎಲೆಕ್ಟ್ರಿಕ್ ಸೈಕಲ್ಲು, ಸ್ಟ್ಯಾಂಡು ಸೇರಿ 70 ಕಿಲೊ ತೂಗುಹಾಕಿದರೆ ಕೊಂಡಿಯ ಮೇಲಿನ ಭಾರ ಸುಮಾರು 54 ಕಿಲೊ ಇಳಿದು ಶೇಕಡ 10ರ ಗೆರೆಯ ಕೆಳಗೆ ಜಾರುತ್ತದೆ. ಆಮೇಲೆ ದೊಡ್ಡ ಲಾರಿಯೊಂದು ಪಕ್ಕದಲ್ಲಿ ಬೀಸಿಕೊಂಡು ಹೋದರೆ ಸಾಕು, ಎತ್ತು ಏರಿಗೆ, ಕೋಣ ನೀರಿಗೆ. ಅದೇ ಭಾರವನ್ನು ಮೂಕಿಯ ಮೇಲೆ, ಗ್ಯಾಸ್ ಸಿಲಿಂಡರಿನ ನೆತ್ತಿಯಲ್ಲಿ, ದೇಹಲೀದೀಪ ನ್ಯಾಯದಂತೆ ಎರಡಕ್ಕೂ ಸಲ್ಲುವ ಹಾಗೆ ಇಟ್ಟರೆ ಹೆಚ್ಚುಕಡಿಮೆ ಅಷ್ಟೇ ಕಿಲೊ ಟ್ರಕ್ಕಿನ ಬೆನ್ನಿಗೇರಿ ಅದರ ಹಿಂಭಾಗ ಕುಸಿಯುತ್ತದೆ. ಎರಡೂವರೆ ಸಾವಿರ ಕಿಲೊ ರಥ ಎಪ್ಪತ್ತು ಕಿಲೊ ಮೂರ್ತಿಯ ಮರ್ಜಿಯಂತೆ ಏಳುವುದೂ ಬಾಗುವುದೂ ಆದರೆ ಆಳುವವರು ಯಾರೆಂದು ಬಿಡಿಸಿ ಹೇಳಬೇಕೆ?

ಮೂರನೆಯದು ಇತಿಹಾಸ. 1947ರಲ್ಲಿ ಆಲ್ಫ್ರೆಡ್ ಲೆಟೂರ್ನರ್ ಎಂಬ ಫ್ರೆಂಚ್ ಸೈಕಲ್ ಪಟು ಏರ್‌ಸ್ಟ್ರೀಮ್ ಟ್ರೇಲರೊಂದನ್ನು ಸೈಕಲ್ಲಿಗೆ ಕಟ್ಟಿ ಎಳೆದರು. ಆ ಫೋಟೊ ಕಂಪನಿಯ ಗುರುತೇ ಆಯಿತು. ಇಲ್ಲಿ ಪ್ರತಿವಾದಿಗಳು ಎದ್ದು ನಿಲ್ಲುತ್ತಾರೆ: ಅದು ಟ್ರೇಲರು ಎಷ್ಟು ಹಗುರವೆಂದು ತೋರಿಸಲು ಮಾಡಿದ ಜಾಹೀರಾತು, ಬರೀ ಅರ್ಥವಾದ, ಅದನ್ನು ಪ್ರಮಾಣವೆನ್ನಲಾಗದು. ಒಪ್ಪಿದೆವು. ಆದರೆ ಅರ್ಥವಾದವೂ ಯಾವುದೋ ವಿಧಿಯನ್ನು ಹೊಗಳಲೆಂದೇ ಇರುತ್ತದೆ. ಟ್ರೇಲರನ್ನು ಹೊಗಳಬೇಕಾದಾಗ ಟ್ರಕ್ಕಿನ ಸಾಕ್ಷಿ ಸಾಲದೆ ಸೈಕಲ್ಲಿನ ಮೊರೆಹೋದದ್ದೇಕೆ? ಲೆಟೂರ್ನರ್ ಸಾಮಾನ್ಯರೂ ಅಲ್ಲ. 1941ರಲ್ಲಿ ಕ್ಯಾಲಿಫೋರ್ನಿಯದ ಬೇಕರ್ಸ್‌ಫೀಲ್ಡಿನ ಬಳಿ ಕಾರಿನ ಗಾಳಿಮರೆಯಲ್ಲಿ ಗಂಟೆಗೆ 108.92 ಮೈಲಿ ತುಳಿದವರು. ಇನ್ನೂ ಹಿಂದೆ ಹೋದರೆ, 1920ರ ದಶಕದ ಕೊನೆಯಲ್ಲಿ ಏರೊಕಾರ್ ಎಂಬ ಸೊಗಸಾದ ಟ್ರೇಲರು ಹೊರತಂದ ಗ್ಲೆನ್ ಕರ್ಟಿಸ್ ವಿಮಾನ ಕಟ್ಟುವ ಮೊದಲು ನ್ಯೂಯಾರ್ಕ್ ರಾಜ್ಯದ ಹ್ಯಾಮಂಡ್ಸ್‌ಪೋರ್ಟಿನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರು, ರೇಸಿನಲ್ಲಿ ತುಳಿದವರು. ಟ್ರೇಲರು ಸೈಕಲ್ಲನ್ನು ಹೊರುವುದು ಉಪಕಾರವಲ್ಲ, ಪಿತೃಋಣ.

ಕಡೆಯ ಆಕ್ಷೇಪ ಗಟ್ಟಿಯಾದದ್ದು. ಇಷ್ಟೆಲ್ಲ ಹೆಣಗಿ ಆರುನೂರು ಮೈಲಿ ಹೊತ್ತು ತಂದ ಸೈಕಲ್ಲನ್ನು ತುಳಿಯುವುದೆಷ್ಟು? ಕ್ಯಾಂಪ್‌ಗ್ರೌಂಡಿನ ಒಳಗೆ ಒಂದು ಸುತ್ತು, ಹೆಚ್ಚೆಂದರೆ ಬಚ್ಚಲಮನೆಯವರೆಗೆ. ಯೂಟಾದ ಮೋವಾಬಿಗೆ ಹೋಗಿ ಬಂಡೆಗಳ ಮೇಲೆ ಬೆವರು ಸುರಿಸುವ ಶೂರರನ್ನು ಬಿಟ್ಟರೆ ಮಾತು ನಿಜವೇ. ಆದರೆ ಆಕ್ಷೇಪಿಸಿದವರು ನಮ್ಮ ಸಿದ್ಧಾಂತಕ್ಕೇ ನೀರೆರೆದಿದ್ದಾರೆ. ಉತ್ಸವಮೂರ್ತಿ ಹೊರಗೆ ಬರುವುದು ಊರೂರು ಅಲೆಯಲಿಕ್ಕಲ್ಲ, ಒಂದು ಸುತ್ತು ಬಂದು ಒಳಗೆ ಹೋಗಲಿಕ್ಕೆ. ಅದಕ್ಕೆ ಬೇಕಾದ ಪ್ರದಕ್ಷಿಣಪಥವನ್ನು ಇ. ಪಿ. ಮೈನೆಕ್ ಎಂಬ ಸಸ್ಯರೋಗತಜ್ಞರು 1932ರಲ್ಲೇ ವಿಧಿಸಿದ್ದಾರೆ. ಕಾರುಗಳು ಮನಬಂದಂತೆ ನುಗ್ಗಿ ಮಣ್ಣು ತುಳಿದು ಮರದ ಬೇರುಗಳನ್ನು ಕೊಲ್ಲುತ್ತಿವೆಯೆಂದು ಕಂಡು, ಕ್ಯಾಂಪ್‌ಗ್ರೌಂಡಿಗೆ ಏಕಮುಖ ಬಳಸುದಾರಿ, ಅದರಂಚಿಗೆ ಒಬ್ಬೊಬ್ಬರಿಗೆ ಒಂದೊಂದು ಬಿಡಾರದ ಜಾಗ ಎಂಬ ವಿನ್ಯಾಸ ಕೊಟ್ಟವರು ಅವರು. ಮರ ಉಳಿಸಲು ಹೊರಟವರು ಆಗಮಶಾಸ್ತ್ರ ಬರೆದಿಟ್ಟರು. ಸಂಜೆ ಬೆಂಕಿಯ ಹೊಗೆ ಏಳುವ ಹೊತ್ತಿಗೆ ಸೈಕಲ್ಲು ಆ ದಾರಿಯಲ್ಲಿ ಮೆಲ್ಲಗೆ ಹೊರಡುತ್ತದೆ. ಮಡಚುಕುರ್ಚಿಯಲ್ಲಿ ಕೂತವರೆಲ್ಲ ಕೈ ಎತ್ತುತ್ತಾರೆ. ಜೋಡಿಸುವುದಿಲ್ಲ, ಎತ್ತುತ್ತಾರೆ, ಅದು ದೇಶಾಚಾರ. ಸುತ್ತು ಮುಗಿಸಿ ಬಂದ ಮೂರ್ತಿಯನ್ನು ಪೀಠಕ್ಕೇರಿಸಿ ಪಟ್ಟಿ ಬಿಗಿಯುತ್ತಾರೆ. ಆಮೇಲೆ ಬೀಗ, ಅದರ ಮೇಲೆ ಹೊದಿಕೆ.