ನಿರ್ಧೂಮಶಕಟ ನಗರ ಮೀಮಾಂಸೆ

ಅಮೆರಿಕದ ಬಯಲುಸೀಮೆಯಲ್ಲಿ ಮೊದಲು ಹಳಿ, ಆಮೇಲೆ ನಿಲ್ದಾಣ, ಅದರ ಮಗ್ಗುಲಿಗೆ ಸಾರಾಯಿ ಅಂಗಡಿ, ಕಟ್ಟಕಡೆಗೆ ಜನ ಎಂಬ ಕ್ರಮದಲ್ಲಿ ಎಷ್ಟೋ ಊರುಗಳು ಹುಟ್ಟಿದುವೆಂದು ಆ ದೇಶದ ಇತಿಹಾಸಕಾರರು ಹೇಳುವರು. ಕೃಷ್ಣಾ-ಘಟಪ್ರಭೆಗಳ ಸೀಮೆಯ ನಾವಾದರೋ, ರೈಲ್ವೆ ಪಟ್ಟಣವೊಂದು ಸಿದ್ಧಿಸಲು ರೈಲೊಂದನ್ನುಳಿದು ಮಿಕ್ಕೆಲ್ಲವೂ ಸಾಕೆಂಬ ಪಕ್ಷವನ್ನು ಹಿಡಿದಿರುವೆವು.

ಈ ಪಕ್ಷಕ್ಕೆ ಆದ್ಯ ಪ್ರಮಾಣಪುರುಷನು ಮುಧೋಳದ ರನ್ನ. ಹತ್ತನೆಯ ಶತಮಾನದಲ್ಲಿ ಬಳೆಗಾರರ ಕುಲದಲ್ಲಿ ಹುಟ್ಟಿದ ಈ ಮಹಾಕವಿಯು ವಿದ್ಯೆಗಾಗಿ ಗಂಗವಾಡಿಯವರೆಗೆ ಹೋದನಷ್ಟೆ. ಅವನ ಗಾಡಿ ತಡವಾಯಿತೆಂದು ಯಾವ ಶಾಸನವೂ ಹೇಳದು.

ಪೂರ್ವದ ಬಾಗಲಕೋಟೆಗೂ ಪಶ್ಚಿಮದ ಕುಡಚಿಗೂ 1880ರ ದಶಕದಲ್ಲೇ ಹಳಿ ಬಂದಿತು. ನಡುವಣ ಜನ ಎರಡೂ ಕಡೆಯ ಸಿಳ್ಳನ್ನು ಊಹಿಸಿಕೊಳ್ಳುತ್ತ ಉಳಿದರು. ಆ ನಡುಸೀಮೆಯ ಜಮಖಂಡಿಯ ಪಟವರ್ಧನ ಅರಸರು 1948ರಲ್ಲಿ ತಮ್ಮ ಸಂಸ್ಥಾನವನ್ನೇ ಭಾರತ ಒಕ್ಕೂಟಕ್ಕೆ ಒಪ್ಪಿಸಿದರು. ಒಕ್ಕೂಟವು ಪ್ರತ್ಯುಪಕಾರವೇನೆಂಬುದನ್ನು ಆರು ದಶಕಗಳಿಗೂ ಮಿಕ್ಕು ಧ್ಯಾನಿಸಿ, 2010-11ರ ರೈಲ್ವೆ ಮುಂಗಡಪತ್ರದಲ್ಲಿ 142 ಕಿಲೋಮೀಟರಿನ ಬಾಗಲಕೋಟೆ-ಕುಡಚಿ ಮಾರ್ಗವನ್ನು ಅನುಗ್ರಹಿಸಿತು. ಅದೇ ಸೀಮೆಯ ಬೀಳಗಿಯ ವಿಷಯದಲ್ಲಿ ಹೇಳತಕ್ಕದ್ದು ಅಲ್ಪ: ಅಲ್ಲಿಯ ಹಳ್ಳಿಗಳಿಗೆ ರೈಲಿಗಿಂತ ಮುಂಚೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂದು ತಲುಪಿತು.

ಇನ್ನು ಜನಸಂಖ್ಯೆ. 2011ರ ಗಣತಿಯಂತೆ ರಬಕವಿ-ಬನಹಟ್ಟಿಯಲ್ಲಿ ಸುಮಾರು 77 ಸಾವಿರ, ಜಮಖಂಡಿಯಲ್ಲಿ 69 ಸಾವಿರ, ಮುಧೋಳದಲ್ಲಿ 52 ಸಾವಿರ ಜನ. ಅಂದು ಮೂರೂ ಕಡೆ ರೈಲಿನ ಸಂಖ್ಯೆ ಸೊನ್ನೆಯಾದ್ದರಿಂದ, ಒಂದು ರೈಲಿಗೆ ಎಷ್ಟು ಮಂದಿಯೆಂದು ಭಾಗಿಸಹೊರಟವನಿಗೆ ಫಲವು ಅನಂತವಾಗುವುದು. ಇಂಥ ಗೌರವ ಮುಂಬಯಿಗೂ ಇಲ್ಲ.

ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರುಗಳನ್ನು ಕಟ್ಟಿಕೊಂಡು, ದೊಡ್ಡ ದನಿಯಲ್ಲಿ ಹಾಡು ಹಚ್ಚಿಕೊಂಡು, ಹಿಂದಿನ ಬಸ್ಸಿಗೆ ದಾರಿಗೊಡದೆ ಕಾರ್ಖಾನೆಗೆ ಸಾಗುವ ಟ್ರ್ಯಾಕ್ಟರಿನಲ್ಲಿ ಎಂಜಿನು-ಡಬ್ಬಿಗಳ ಲಕ್ಷಣವಿರುವುದರಿಂದ ಅದನ್ನೇ ರೈಲೆಂದು ಪರಿಗಣಿಸಬೇಕೆಂಬ ಪೂರ್ವಪಕ್ಷವೊಂದುಂಟು. ನಾವು ಅದನ್ನು ನಿರಾಕರಿಸುವೆವು. ಟ್ರ್ಯಾಕ್ಟರು ಬಂದೇ ಬರುತ್ತದೆ. ನಮ್ಮ ಸೀಮೆಯ ರೈಲಿನ ಲಕ್ಷಣ ಅದಲ್ಲ. ಬನಹಟ್ಟಿಯ ನೇಕಾರರ ಸೀರೆಗಳು ಈ ವಾದವಿವಾದಕ್ಕೆ ಕಾಯದೆ ಲಾರಿ ಹತ್ತಿ ಹೋಗಿರುವುವು.

ಬಾಗಲಕೋಟೆಯಿಂದ ಹೊರಟ ಹಳಿಗಳು ಖಜ್ಜಿಡೋಣಿಯನ್ನು ಮುಟ್ಟಿ ಲೋಕಾಪುರದತ್ತ ಸಾಗಿರುವುದರಿಂದ ವಾಚಕರು ಈ ಪ್ರಬಂಧವನ್ನು ಬೇಗ ಓದಿ ಮುಗಿಸತಕ್ಕದ್ದು. ಜಮಖಂಡಿಗೆ ಗಾಡಿ ಬಂದ ದಿನ ಇಲ್ಲಿಯ ಸಿದ್ಧಾಂತವೆಲ್ಲ ಬಿದ್ದುಹೋಗುವುದು. ಅಲ್ಲಿಯವರೆಗೆ ಗಾಡಿ ಹಿಡಿಯುವವರು ಬಸ್ಸಿನಲ್ಲಿ ಕುಡಚಿಗೆ ಹೋಗಬೇಕು.